ಪೊಲೀಸರ ಮೇಲೆಯೇ ದೂರಿದ್ದರೆ ಎಲ್ಲಿಗೆ ಹೋಗಬೇಕು? – ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಡೆದು ಬಂದ ದಾರಿ

ನಮ್ಮ ಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದ ಕಾಲದಲ್ಲಿ ಪ್ರತಿ ವರ್ಷ ಡಿಸೆಂಬರ್ 10ರಂದು ಮಾನವ ಹಕ್ಕುಗಳ ದಿನವನ್ನು ಆಚರಿಸುತ್ತಿದ್ದೆವು. ಪ್ರಾರ್ಥನೆ ಮುಗಿದ ಮೇಲೆ ಹತ್ತು ನಿಮಿಷ ಭಾಷಣ, ಆಮೇಲೆ ಪ್ರತಿಜ್ಞಾವಿಧಿ, ಅಷ್ಟಕ್ಕೆ ಮುಗಿಯುತ್ತಿತ್ತು. ಒಂದು ವರ್ಷ ಅದೇ ದಿನ ಮಧ್ಯಾಹ್ನದ ತರಗತಿಯಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಸಾರ್, ಕಳ್ಳತನ ಆದ್ರೆ ಪೊಲೀಸ್ ಸ್ಟೇಷನ್‌ಗೆ ಹೋಗ್ತೀವಿ. ಪೊಲೀಸ್ನೋರ ಮೇಲೇ ದೂರು ಇದ್ರೆ ಎಲ್ಲಿಗೆ ಹೋಗ್ಬೇಕು?" ಎಂದು ಕೇಳಿದ. "ಕೋರ್ಟಿಗೆ ಹೋಗಬೇಕಪ್ಪ" ಎಂದೆ. "ಲಾಯರಿಗೆ ಕೊಡೋಕೆ ದುಡ್ಡಿಲ್ದೇ ಇದ್ರೆ?" ಎಂದ. ಅಷ್ಟರಲ್ಲಿ ಬೆಲ್ ಹೊಡೆಯಿತು. ನಾನೂ ಬಚಾವಾದೆ ಎಂದುಕೊಂಡು ಹೊರಗೆ ಬಂದೆ.

ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಕಾಡಂಚಿನ ಊರಿನವರಾದ ನಮಗೆ ಅದು ಪಠ್ಯಪುಸ್ತಕದ ಪ್ರಶ್ನೆ ಮಾತ್ರವಲ್ಲ. ಸುವರ್ಣ ಮಹೋತ್ಸವದ ಸಂಚಿಕೆಗೆ ಚರಿತ್ರೆಯ ಒಂದು ಲೇಖನ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ಆ ಹುಡುಗನಿಗೆ ಕೊಡದೆ ಉಳಿದ ಉತ್ತರ ನೆನಪಾಯಿತು.

ಒಬ್ಬ ತಾಯಿಯ ಕಾಗದ

ಒಡಿಶಾ ರಾಜ್ಯದ ಸುಂದರಗಢ ಜಿಲ್ಲೆಯಲ್ಲಿ 1987ರ ಡಿಸೆಂಬರ್ 1ರಂದು ಸುಮಾರು 22 ವರ್ಷದ ಯುವಕನೊಬ್ಬನನ್ನು ಕಳ್ಳತನದ ತನಿಖೆಗೆಂದು ಪೊಲೀಸರು ಮನೆಯಿಂದ ಕರೆದುಕೊಂಡು ಹೋದರು. ಮರುದಿನ ಅವನ ಹೆಣ ರೈಲು ಹಳಿಯ ಬಳಿ ಸಿಕ್ಕಿತು. ರಾತ್ರಿ ತಪ್ಪಿಸಿಕೊಂಡು ಓಡಿಹೋಗಿ ರೈಲಿಗೆ ಸಿಕ್ಕಿದ ಎಂದು ಪೊಲೀಸರು ಹೇಳಿದರು. ತಾಯಿ ನೀಲಾಬತಿ ಬೆಹೆರಾ ಅದನ್ನು ನಂಬಲಿಲ್ಲ. 1988ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದರು. ನ್ಯಾಯಾಲಯ ಆ ಕಾಗದವನ್ನೇ ರಿಟ್ ಅರ್ಜಿಯಾಗಿ ತೆಗೆದುಕೊಂಡು, ಜಿಲ್ಲಾ ನ್ಯಾಯಾಧೀಶರಿಂದ ವಿಚಾರಣೆ ಮಾಡಿಸಿ, 1993ರ ಮಾರ್ಚ್ 24ರಂದು ತೀರ್ಪು ಕೊಟ್ಟಿತು. ಸಾವು ಪೊಲೀಸರ ವಶದಲ್ಲಿಯೇ ಆಗಿದೆ, ಇದಕ್ಕೆ ಸರ್ಕಾರವೇ ಹೊಣೆ, ತಾಯಿಗೆ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂಬುದು ತೀರ್ಪಿನ ಸಾರ. ಜನರ ಮೂಲಭೂತ ಹಕ್ಕನ್ನು ತುಳಿದ ಮೇಲೆ 'ನಾವು ಸರ್ಕಾರ, ನಮ್ಮನ್ನು ಕೇಳುವಂತಿಲ್ಲ' ಎಂಬ ಹಳೆಯ ವಾದ ನಡೆಯುವುದಿಲ್ಲ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು.

ಆ ತೀರ್ಪು ಕೊಟ್ಟ ಮೂವರು ನ್ಯಾಯಮೂರ್ತಿಗಳು ಜೆ.ಎಸ್. ವರ್ಮಾ, ಎ.ಎಸ್. ಆನಂದ್ ಮತ್ತು ನಮ್ಮ ಕರ್ನಾಟಕದ ಎನ್. ವೆಂಕಟಾಚಲ. ಮುಂದೆ ಮೊದಲಿಬ್ಬರೂ ಒಬ್ಬರಾದ ಮೇಲೊಬ್ಬರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾದರು. ವೆಂಕಟಾಚಲ ಅವರು ಕರ್ನಾಟಕದ ಲೋಕಾಯುಕ್ತರಾಗಿ ಮನೆಮಾತಾದರು.

ಆದರೆ ನೀಲಾಬತಿಯವರಿಗೆ ಸಿಕ್ಕ ನ್ಯಾಯ ಎಲ್ಲರಿಗೂ ಸಿಗುವಂಥದಾಗಿರಲಿಲ್ಲ. ದೇಶದಲ್ಲಿ ಇಂಥ ತಾಯಂದಿರು ಎಷ್ಟೋ ಮಂದಿ. ಎಲ್ಲರ ಕಾಗದವನ್ನೂ ಸುಪ್ರೀಂ ಕೋರ್ಟೇ ಓದುತ್ತಾ ಕೂರಲು ಆಗುವುದಿಲ್ಲ. ಕಾಗದ ಓದುವುದಕ್ಕೆ, ಓದಿ ವಿಚಾರಿಸುವುದಕ್ಕೆ, ಸರ್ಕಾರದ ಹಂಗಿಲ್ಲದ ಒಂದು ಸಂಸ್ಥೆ ಬೇಕಾಗಿತ್ತು.

ಅಹವಾಲು ಹೇಳಿಕೊಳ್ಳುವ ಹಳೆಯ ದಾರಿ

ದೊರೆಯ ಅಧಿಕಾರಿಗಳ ಮೇಲೆ ದೊರೆಗೇ ದೂರು ಹೇಳುವುದು ನಮ್ಮಲ್ಲಿ ಹೊಸದೇನಲ್ಲ. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಮೊದಲ ಸಭೆಗೆ 144 ಮಂದಿ ಸೇರಿದ್ದರು. ದಸರಾ ಸಮಯದಲ್ಲಿ ತಾಲ್ಲೂಕುಗಳ ಪ್ರತಿನಿಧಿಗಳು ಮೈಸೂರಿಗೆ ಹೋಗಿ ಕೆರೆ, ಕಂದಾಯ, ಕಾಡಿನ ತೊಂದರೆಗಳನ್ನು ದಿವಾನರ ಮುಂದೆ ಹೇಳಿಕೊಳ್ಳುತ್ತಿದ್ದರು. ಆಜ್ಞೆ ಮಾಡುವ ಅಧಿಕಾರ ಆ ಸಭೆಗೆ ಇರಲಿಲ್ಲ. ಆದರೂ ಎಲ್ಲರ ಎದುರಿಗೆ ಹೇಳಿದ ಮಾತಿಗೆ ಸರ್ಕಾರ ಉತ್ತರ ಕೊಡಬೇಕಾಗಿ ಬರುತ್ತಿತ್ತು. ಅಲ್ಲಿದ್ದ ಕೊರತೆಯೆಂದರೆ, ದೂರು ಯಾರ ಮೇಲೋ ಅವರ ಯಜಮಾನರೇ ದೂರನ್ನು ಕೇಳುವವರೂ ಆಗಿದ್ದರು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಡೀ ಜಗತ್ತಿಗೆ ಈ ಕೊರತೆ ಕಂಡಿತು. ಸ್ವಂತ ಸರ್ಕಾರವೇ ತನ್ನ ಪ್ರಜೆಗಳನ್ನು ಲಕ್ಷಗಟ್ಟಲೆ ಕೊಂದದ್ದನ್ನು ಜಗತ್ತು ನೋಡಿತ್ತು. ವಿಶ್ವಸಂಸ್ಥೆ 1948ರ ಡಿಸೆಂಬರ್ 10ರಂದು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಒಪ್ಪಿಕೊಂಡಿತು. ಅದರ ಮೊದಲ ಕಲಮಿನ ಕರಡಿನಲ್ಲಿ 'ಎಲ್ಲ ಪುರುಷರೂ' ಎಂಬ ಅರ್ಥ ಬರುವ ಪದವಿತ್ತು. ಅದನ್ನು 'ಎಲ್ಲ ಮಾನವರೂ' ಎಂದು ಬದಲಾಯಿಸಬೇಕೆಂದು ಹಟ ಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ನಮ್ಮ ಶಾಲೆಯ ಹೆಣ್ಣುಮಕ್ಕಳು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ಘೋಷಣೆಯನ್ನು ಆಯಾ ದೇಶದೊಳಗೆ ಕಾಯುವವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು. 1991ರ ಅಕ್ಟೋಬರ್‌ನಲ್ಲಿ ಹಲವು ದೇಶಗಳವರು ಪ್ಯಾರಿಸ್‌ನಲ್ಲಿ ಸೇರಿ ಕೆಲವು ನಿಯಮಗಳನ್ನು ಮಾಡಿಕೊಂಡರು. 1993ರ ಡಿಸೆಂಬರ್ 20ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅವುಗಳನ್ನು ಅಂಗೀಕರಿಸಿತು. 'ಪ್ಯಾರಿಸ್ ತತ್ವಗಳು' ಎಂದು ಅವಕ್ಕೆ ಹೆಸರು. ಪ್ರತಿ ದೇಶದಲ್ಲೂ ಮಾನವ ಹಕ್ಕುಗಳ ಸಂಸ್ಥೆಯೊಂದು ಇರಬೇಕು. ಅದು ಕಾನೂನಿನ ಮೂಲಕವೇ ಹುಟ್ಟಿರಬೇಕು. ಸಮಾಜದ ಎಲ್ಲ ವರ್ಗದವರೂ ಅದರಲ್ಲಿರಬೇಕು. ಸಾಕಷ್ಟು ಹಣ ಮತ್ತು ತನ್ನದೇ ಸಿಬ್ಬಂದಿ ಇರಬೇಕು. ಸದಸ್ಯರನ್ನು ಸರ್ಕಾರ ಮನಸ್ಸಿಗೆ ಬಂದಾಗ ಕಿತ್ತು ಹಾಕುವಂತಿರಬಾರದು ಎಂಬುದು ಅವುಗಳ ತಿರುಳು.

ಆಯೋಗದ ಹುಟ್ಟು

1990ರ ಆಸುಪಾಸಿನಲ್ಲಿ ಪಂಜಾಬ್, ಕಾಶ್ಮೀರಗಳಲ್ಲಿ ನಡೆಯುತ್ತಿದ್ದ ಘಟನೆಗಳಿಂದಾಗಿ ಭಾರತ ಹೊರದೇಶಗಳ ಟೀಕೆಯನ್ನು ಎದುರಿಸುತ್ತಿತ್ತು. ದೇಶದೊಳಗೂ ನಾಗರಿಕ ಹಕ್ಕುಗಳ ಸಂಘಟನೆಗಳು ಲಾಕಪ್ ಸಾವುಗಳ ಬಗ್ಗೆ ದನಿ ಎತ್ತಿದ್ದವು. 1993ರ ಸೆಪ್ಟೆಂಬರ್ 28ರಂದು ಸುಗ್ರೀವಾಜ್ಞೆ ಹೊರಟಿತು. ಅಕ್ಟೋಬರ್ 12ರಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಅಸ್ತಿತ್ವಕ್ಕೆ ಬಂದಿತು. ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಮೊದಲ ಅಧ್ಯಕ್ಷರಾದರು. 1994ರ ಜನವರಿಯಲ್ಲಿ ಸುಗ್ರೀವಾಜ್ಞೆಯ ಜಾಗದಲ್ಲಿ ಮಾನವ ಹಕ್ಕುಗಳ ಸಂರಕ್ಷಣಾ ಅಧಿನಿಯಮ, 1993 ಜಾರಿಗೆ ಬಂತು.

ಜೀವ, ಸ್ವಾತಂತ್ರ್ಯ, ಸಮಾನತೆ ಮತ್ತು ಘನತೆ – ಈ ನಾಲ್ಕಕ್ಕೆ ಸಂಬಂಧಿಸಿದ ಹಕ್ಕುಗಳನ್ನು ಈ ಕಾಯಿದೆ ಮಾನವ ಹಕ್ಕುಗಳೆಂದು ಕರೆಯುತ್ತದೆ. ಯಾರಾದರೂ ದೂರು ಕೊಟ್ಟರೆ ಅಥವಾ ಯಾರೂ ಕೊಡದಿದ್ದರೂ ಪತ್ರಿಕೆಯ ಸುದ್ದಿ ನೋಡಿ ತಾನಾಗಿಯೇ ಆಯೋಗ ವಿಚಾರಣೆ ಮಾಡಬಹುದು. ಜೈಲುಗಳಿಗೆ ಭೇಟಿ ಕೊಡಬಹುದು. ನ್ಯಾಯಾಲಯದ ಒಪ್ಪಿಗೆ ಪಡೆದು ಮೊಕದ್ದಮೆಯಲ್ಲಿ ಸೇರಿಕೊಳ್ಳಬಹುದು. ಸಾಕ್ಷಿಗಳನ್ನು ಕರೆಸುವುದರಲ್ಲಿ, ದಾಖಲೆ ತರಿಸುವುದರಲ್ಲಿ ಅದಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಆದರೆ ವಿಚಾರಣೆ ಮುಗಿದ ಮೇಲೆ ಅದು ಶಿಕ್ಷೆ ಕೊಡುವಂತಿಲ್ಲ. ಪರಿಹಾರ ಕೊಡಿ, ಮೊಕದ್ದಮೆ ಹೂಡಿ ಎಂದು ಸರ್ಕಾರಕ್ಕೆ ಶಿಫಾರಸು ಮಾಡಬಹುದು, ಅಷ್ಟೇ. ಸರ್ಕಾರ ಕೇಳದಿದ್ದರೆ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬಹುದು.

ಇದೇ ಕಾರಣಕ್ಕೆ ಹಲವರು ಆಯೋಗವನ್ನು ಹಲ್ಲಿಲ್ಲದ ಹಾವು ಎಂದು ಕರೆದಿದ್ದಾರೆ. ಆ ಮಾತಿನಲ್ಲಿ ಸತ್ಯವಿದೆ. ಆದರೆ ಚರಿತ್ರೆಯನ್ನು ನೋಡಿದರೆ ಅದೇ ಪೂರ್ಣ ಸತ್ಯವಲ್ಲ ಎಂದು ನನಗನ್ನಿಸುತ್ತದೆ.

ಶಿಫಾರಸಿನಿಂದ ಆದ ಕೆಲಸಗಳು

ಆಯೋಗ ಹುಟ್ಟಿ ಎರಡು ತಿಂಗಳಾದಾಗ, 1993ರ ಡಿಸೆಂಬರ್ 14ರಂದು, ಎಲ್ಲ ರಾಜ್ಯಗಳಿಗೂ ಒಂದು ಪತ್ರ ಹೋಯಿತು. ಪೊಲೀಸರ ವಶದಲ್ಲಿ ಸಾವು ಅಥವಾ ಅತ್ಯಾಚಾರ ನಡೆದರೆ 24 ಗಂಟೆಯೊಳಗೆ ಜಿಲ್ಲಾಧಿಕಾರಿ ಮತ್ತು ಪೊಲೀಸ್ ವರಿಷ್ಠಾಧಿಕಾರಿ ಆಯೋಗಕ್ಕೆ ವರದಿ ಮಾಡಬೇಕು. ವರದಿ ಮಾಡದಿದ್ದರೆ ವಿಷಯವನ್ನು ಮುಚ್ಚಿಡಲು ಯತ್ನಿಸಿದ್ದಾರೆಂದು ಭಾವಿಸಬೇಕಾಗುತ್ತದೆ ಎಂಬುದು ಅದರ ತಾತ್ಪರ್ಯ. 1995ರಲ್ಲಿ ಇಂಥ ಸಾವುಗಳ ಮರಣೋತ್ತರ ಪರೀಕ್ಷೆಯನ್ನು ವಿಡಿಯೊ ಚಿತ್ರೀಕರಿಸಬೇಕೆಂದು ಮುಖ್ಯಮಂತ್ರಿಗಳಿಗೆ ಬರೆಯಿತು. ಹಿಂದೆ ಲಾಕಪ್ಪಿನಲ್ಲಿ ಒಬ್ಬ ಸತ್ತರೆ ಠಾಣೆಯ ಪುಸ್ತಕದಲ್ಲಿ ಒಂದು ಸಾಲು ಬರೆದು ಮುಗಿಸಬಹುದಿತ್ತು. ಈ ಪತ್ರಗಳ ನಂತರ ಸಾವಿನ ಲೆಕ್ಕ ದೆಹಲಿಯಲ್ಲೂ ದಾಖಲಾಗತೊಡಗಿತು.

ಅದೇ 1995ರ ಫೆಬ್ರವರಿಯಲ್ಲಿ ರಂಗನಾಥ ಮಿಶ್ರಾ ಅವರು ಸಂಸತ್ತಿನ ಸದಸ್ಯರೆಲ್ಲರಿಗೂ ಪತ್ರ ಬರೆದು, ಟಾಡಾ ಕಾಯಿದೆಯ ಅವಧಿಯನ್ನು ಮತ್ತೆ ವಿಸ್ತರಿಸಬೇಡಿ ಎಂದು ಕೇಳಿಕೊಂಡರು. ಆ ವರ್ಷದ ಮೇ ತಿಂಗಳಲ್ಲಿ ಟಾಡಾ ಮುಗಿದುಹೋಯಿತು.

ಇನ್ನೊಂದು ಪ್ರಸಂಗ ಅರುಣಾಚಲ ಪ್ರದೇಶದ್ದು. 1964ರಲ್ಲಿ, ಈಗಿನ ಬಾಂಗ್ಲಾದೇಶದ ಚಿತ್ತಗಾಂಗ್ ಗುಡ್ಡಗಾಡಿನಿಂದ ಅಣೆಕಟ್ಟಿನಲ್ಲಿ ನೆಲ ಕಳೆದುಕೊಂಡು ಬಂದ ಚಕ್ಮಾ ಜನ ಅಲ್ಲಿ ನೆಲೆಸಿದ್ದರು. ಸುಮಾರು 65 ಸಾವಿರ ಮಂದಿ. 1994ರಲ್ಲಿ ರಾಜ್ಯ ಬಿಟ್ಟು ತೊಲಗಿ ಎಂದು ಸ್ಥಳೀಯ ವಿದ್ಯಾರ್ಥಿ ಸಂಘಟನೆಯಿಂದ ಅವರಿಗೆ ಎಚ್ಚರಿಕೆ ಬಂತು. ರಾಜ್ಯ ಸರ್ಕಾರದ ಉತ್ತರ ಸಮಾಧಾನ ಕೊಡದಿದ್ದಾಗ ಆಯೋಗವೇ ಅರ್ಜಿದಾರನಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. ಪ್ರಜೆಯಾಗಿರಲಿ ಇಲ್ಲದಿರಲಿ, ಈ ನೆಲದಲ್ಲಿರುವ ಪ್ರತಿಯೊಬ್ಬ ಮನುಷ್ಯನ ಪ್ರಾಣವನ್ನು ಕಾಪಾಡುವುದು ಸರ್ಕಾರದ ಕರ್ತವ್ಯ ಎಂದು 1996ರ ಜನವರಿ 9ರಂದು ತೀರ್ಪು ಬಂತು. ಆ ಜನರಿಗೆ ಓಟಿರಲಿಲ್ಲ, ಅವರ ಪರವಾಗಿ ಮಾತಾಡುವ ಶಾಸಕರಿರಲಿಲ್ಲ. ಸರ್ಕಾರದ ಕೈಕೆಳಗಿನ ಕಚೇರಿಯೊಂದು ಸರ್ಕಾರದ ಮೇಲೆಯೇ ಹೀಗೆ ಮೊಕದ್ದಮೆ ಹೂಡುವುದು ಸಾಧ್ಯವೇ? ಸ್ವತಂತ್ರ ಸಂಸ್ಥೆ ಏಕೆ ಬೇಕು ಎಂದು ಮಕ್ಕಳು ಕೇಳಿದರೆ ನಾನು ಈ ಪ್ರಸಂಗವನ್ನೇ ಹೇಳುತ್ತೇನೆ.

1996ರ ನವೆಂಬರ್‌ನಲ್ಲಿ ಎರಡನೆಯ ಅಧ್ಯಕ್ಷರಾಗಿ ಬಂದವರು ನಮ್ಮ ನಾಡಿನ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದು, ಭಾರತದ ಮುಖ್ಯ ನ್ಯಾಯಮೂರ್ತಿಯ ಹುದ್ದೆಗೇರಿ ನಿವೃತ್ತರಾಗಿದ್ದವರು. 1997ರ ಮಾರ್ಚ್ 29ರಂದು ಅವರು ಎಲ್ಲ ಮುಖ್ಯಮಂತ್ರಿಗಳಿಗೆ ಬರೆದ ಪತ್ರ ಬಹಳ ಮುಖ್ಯವಾದದ್ದು. ಪೊಲೀಸರಿಗೆ ಒಬ್ಬನ ಪ್ರಾಣ ತೆಗೆಯುವ ವಿಶೇಷ ಹಕ್ಕು ಯಾವ ಕಾನೂನಿನಲ್ಲೂ ಇಲ್ಲ. ಆತ್ಮರಕ್ಷಣೆಗೆ ಗುಂಡು ಹಾರಿಸಿದೆವು ಎಂದಾದರೆ ಅದನ್ನು ತನಿಖೆಯಲ್ಲಿ ತೋರಿಸಿಕೊಡಬೇಕು. ಎನ್‌ಕೌಂಟರ್ ನಡೆಸಿದ ಠಾಣೆಯವರೇ ಅದರ ತನಿಖೆ ಮಾಡದೆ ಸಿಐಡಿಯಂಥ ಬೇರೆ ಸಂಸ್ಥೆ ಮಾಡಬೇಕು ಎಂಬುದು ಅದರ ಸಾರ. ಸುಪ್ರೀಂ ಕೋರ್ಟ್ 2014ರಲ್ಲಿ ಎನ್‌ಕೌಂಟರ್ ಸಾವುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದಾಗ ಬೇರೆ ಸಂಸ್ಥೆಯ ತನಿಖೆ ಎಂಬ ಅಂಶ ಅದರಲ್ಲೂ ಸೇರಿತು.

ವೆಂಕಟಾಚಲಯ್ಯನವರ ಕಾಲದಲ್ಲೇ ಆಯೋಗ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಿಂದ ದೇಶದ ಮಾನಸಿಕ ಆಸ್ಪತ್ರೆಗಳ ಅಧ್ಯಯನ ಮಾಡಿಸಿತು. 37 ಆಸ್ಪತ್ರೆಗಳಿಗೆ ಹೋಗಿ ನೋಡಿದ ವರದಿ 1999ರಲ್ಲಿ ಹೊರಬಂತು. ಅಲ್ಲಿ ಎಷ್ಟೋ ರೋಗಿಗಳು ಜೈಲಿನ ಕೈದಿಗಳಿಗಿಂತ ಕಡೆಯಾಗಿ ಬದುಕುತ್ತಿದ್ದದ್ದು ಲೋಕಕ್ಕೆ ತಿಳಿಯಿತು.

ನಮ್ಮ ಕಾಡಿನ ಕಥೆ

ಈಗ ನಮ್ಮ ಊರಿನ ಹತ್ತಿರಕ್ಕೆ ಬರೋಣ. ವೀರಪ್ಪನ್‌ನ ಕಾಲವನ್ನು ಕಂಡವರು ಈ ಸಂಚಿಕೆಯ ಓದುಗರಲ್ಲಿ ಅನೇಕರಿದ್ದಾರೆ. ಗೋಪಿನಾಥಂನ ಜನರ ವಿಶ್ವಾಸ ಗಳಿಸಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಅವನು 1991ರ ನವೆಂಬರ್‌ನಲ್ಲಿ ಕೊಂದ. 1992ರಲ್ಲಿ ರಾಮಾಪುರ ಠಾಣೆಯ ಮೇಲೆ ದಾಳಿ ಮಾಡಿ ಪೊಲೀಸರನ್ನು ಕೊಂದ. ಅದೇ ವರ್ಷ ಎಸ್ಪಿ ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಪ್ರಾಣ ಕಳೆದುಕೊಂಡರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬಿಗೆ 22 ಮಂದಿ ಬಲಿಯಾದರು. ಕರ್ತವ್ಯದಲ್ಲಿ ಮಡಿದ ಈ ಎಲ್ಲರ ಋಣ ನಮ್ಮ ಮೇಲಿದೆ. ಅವರೂ ಮನುಷ್ಯರೇ, ಅವರ ಮನೆಯವರ ಕಣ್ಣೀರೂ ಕಣ್ಣೀರೇ.

ಅವನನ್ನು ಹಿಡಿಯಲು ಕರ್ನಾಟಕ ಮತ್ತು ತಮಿಳುನಾಡಿನ ವಿಶೇಷ ಕಾರ್ಯಪಡೆಗಳು ಜಂಟಿಯಾಗಿ ಕಾಡಿಗಿಳಿದವು. ಕಾಡಂಚಿನ ಸೋಲಿಗರು, ಕೂಲಿಗಳು, ಬಡ ರೈತರು ಎರಡು ಕಡೆಯಿಂದಲೂ ಇಕ್ಕಟ್ಟಿಗೆ ಸಿಕ್ಕಿದರು. ಅಕ್ಕಿ ಕೊಟ್ಟರೆ ಇವರ ಕೋಪ, ಕೊಡದಿದ್ದರೆ ಅವನ ಕೋಪ. ಅನೇಕರನ್ನು ಟಾಡಾ ಕಾಯಿದೆಯಡಿ ಮೈಸೂರಿನ ಜೈಲಿಗೆ ಹಾಕಲಾಯಿತು. ಟಾಡಾ ಕಾಯಿದೆ 1995ರಲ್ಲೇ ಮುಗಿದರೂ ಅದರಡಿ ಹೂಡಿದ್ದ ಮೊಕದ್ದಮೆಗಳು ಮುಗಿಯಲಿಲ್ಲ. 2001ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯದ ತೀರ್ಪು ಬಂದಾಗ ಬಹುಪಾಲು ಮಂದಿ ಬಿಡುಗಡೆಯಾದರು. ಅಷ್ಟರಲ್ಲಿ ಅವರ ಬದುಕಿನ ಹಲವು ವರ್ಷ ಜೈಲಿನಲ್ಲೇ ಕಳೆದಿತ್ತು.

ಅಕ್ರಮವಾಗಿ ಕೂಡಿಹಾಕಿದರು, ಚಿತ್ರಹಿಂಸೆ ಕೊಟ್ಟರು, ಹೆಂಗಸರ ಮಾನ ಕಳೆದರು, ಕೆಲವರನ್ನು ಎನ್‌ಕೌಂಟರ್ ಹೆಸರಿನಲ್ಲಿ ಕೊಂದರು ಎಂಬ ದೂರುಗಳು ಆಯೋಗವನ್ನು ಮುಟ್ಟಿದವು. 1999ರಲ್ಲಿ ಆಯೋಗ ಇಬ್ಬರ ಸಮಿತಿಯನ್ನು ನೇಮಿಸಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅಧ್ಯಕ್ಷರು, ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಸದಸ್ಯರು. ಅಕ್ಷರ ಬಾರದ, ಹಳ್ಳಿ ಬಿಟ್ಟು ಹೊರಗೆ ಹೋಗದ ಜನ ಆ ಸಮಿತಿಯ ಮುಂದೆ ನಿಂತು ತಮಗಾದದ್ದನ್ನು ಹೇಳಿದರು. ಪೊಲೀಸರೂ ತಮ್ಮ ಮಾತು ಹೇಳಿದರು. ಎರಡೂ ಕಡೆಯದು ಬರಹಕ್ಕಿಳಿಯಿತು.

ಸದಾಶಿವ ಸಮಿತಿಯ ವರದಿ 2003ರ ಡಿಸೆಂಬರ್‌ನಲ್ಲಿ ಆಯೋಗದ ಕೈಸೇರಿತು. ವೀರಪ್ಪನ್ 2004ರ ಅಕ್ಟೋಬರ್ 18ರಂದು ಹತನಾದ. ಆಯೋಗ 2007ರ ಜನವರಿಯಲ್ಲಿ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಹೇಳಿತು. ಆಗ ಆಯೋಗದ ಹಂಗಾಮಿ ಅಧ್ಯಕ್ಷರಾಗಿದ್ದವರು ರಾಯಚೂರು ಜಿಲ್ಲೆಯ ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲರು.

ಸಮಿತಿ ನೇಮಕವಾದಾಗ ಹುಟ್ಟಿದ ಮಗು ಪರಿಹಾರದ ಮಾತು ಬರುವ ಹೊತ್ತಿಗೆ ಎರಡನೆಯ ತರಗತಿ ಸೇರಿತ್ತು. ನ್ಯಾಯ ಇಷ್ಟು ನಿಧಾನವಾಗಿ ಬಂದರೆ ಅದನ್ನು ನ್ಯಾಯ ಎನ್ನಬಹುದೇ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ತಪ್ಪು ಮಾಡಿದವರಿಗೆ ಶಿಕ್ಷೆ ವಿಧಿಸುವುದು ಆಯೋಗದ ಕೈಯಲ್ಲಿರಲಿಲ್ಲ. ಹಣದಿಂದ ಹೋದ ಮಾನ, ಹೋದ ಪ್ರಾಣ ಬರುವುದಿಲ್ಲ. ಆದರೂ ಒಂದು ಮಾತಿದೆ. ಅದುವರೆಗೆ ಆ ಜನ ಹೇಳಿದ್ದನ್ನು 'ಕಳ್ಳನಿಗೆ ಸಹಾಯ ಮಾಡಿದವರ ಸುಳ್ಳು' ಎಂದು ತಳ್ಳಿಹಾಕಲಾಗುತ್ತಿತ್ತು. 'ಇವರಿಗೆ ಅನ್ಯಾಯವಾಗಿದೆ' ಎಂದು ಸರ್ಕಾರದ ಕಾನೂನಿನಿಂದಲೇ ಹುಟ್ಟಿದ ಸಂಸ್ಥೆಯೊಂದು ಬರೆದುಕೊಟ್ಟ ಮೇಲೆ ಹಾಗೆ ತಳ್ಳಿಹಾಕಲು ಆಗಲಿಲ್ಲ.

ಸ್ವತಂತ್ರ ಎಂಬುದು ಎಷ್ಟರ ಮಟ್ಟಿಗೆ?

ಆಯೋಗದ ಬಲವೆಲ್ಲ ಇರುವುದು ಅದರ ಮಾತಿನ ಮೇಲೆ ಜನರಿಗಿರುವ ನಂಬಿಕೆಯಲ್ಲಿ. ಆ ನಂಬಿಕೆ ಉಳಿಯಬೇಕಾದರೆ ಅದು ಯಾರ ಹಂಗಿನಲ್ಲೂ ಇರಬಾರದು. ಇದಕ್ಕಾಗಿ ಕಾಯಿದೆಯಲ್ಲಿ ಕೆಲವು ಬೇಲಿಗಳಿವೆ. ದುರ್ನಡತೆ ಅಥವಾ ಅಸಾಮರ್ಥ್ಯದ ಆರೋಪ ಸುಪ್ರೀಂ ಕೋರ್ಟಿನ ವಿಚಾರಣೆಯಲ್ಲಿ ಸಾಬೀತಾದರೆ ರಾಷ್ಟ್ರಪತಿಗಳು ಅಧ್ಯಕ್ಷರನ್ನು ತೆಗೆಯಬಹುದು. ಸರ್ಕಾರಕ್ಕೆ ಬೇಸರವಾಯಿತೆಂಬ ಕಾರಣಕ್ಕೆ ತೆಗೆಯುವಂತಿಲ್ಲ. ನಿವೃತ್ತರಾದ ಮೇಲೆ ಅವರು ಮತ್ತೆ ಸರ್ಕಾರಿ ಹುದ್ದೆ ಹಿಡಿಯುವಂತಿಲ್ಲ. ಆಯ್ಕೆ ಸಮಿತಿಯಲ್ಲಿ ಪ್ರಧಾನಿ, ಗೃಹ ಸಚಿವ, ಲೋಕಸಭಾಧ್ಯಕ್ಷ, ರಾಜ್ಯಸಭೆಯ ಉಪಸಭಾಪತಿಗಳ ಜೊತೆಗೆ ಎರಡೂ ಸದನಗಳ ವಿರೋಧ ಪಕ್ಷದ ನಾಯಕರಿರುತ್ತಾರೆ.

ಬೇಲಿಯಲ್ಲಿ ಸಂದುಗಳೂ ಇವೆ. ಆರು ಜನರಲ್ಲಿ ಆಳುವ ಪಕ್ಷದ ಕಡೆಯವರೇ ಸಾಮಾನ್ಯವಾಗಿ ಹೆಚ್ಚು. ಆಯೋಗದ ಮಹಾಕಾರ್ಯದರ್ಶಿಯನ್ನು ಕೇಂದ್ರ ಸರ್ಕಾರ ಕೊಡುತ್ತದೆ. ತನಿಖೆ ಮಾಡುವವರು ಪೊಲೀಸ್ ಇಲಾಖೆಯಿಂದಲೇ ಬಂದವರು. ಪೊಲೀಸರ ಮೇಲಿನ ದೂರನ್ನು ಮತ್ತೆ ಪೊಲೀಸರೇ ನೋಡಿದರೆ ನಮ್ಮ ಹುಡುಗನ ಪ್ರಶ್ನೆ ಇದ್ದಲ್ಲೇ ಇದ್ದಂತಾಯಿತಲ್ಲವೇ? ಸೇನೆಯ ಮೇಲೆ ದೂರಿದ್ದರೆ ಆಯೋಗ ತಾನೇ ವಿಚಾರಣೆ ಮಾಡುವಂತಿಲ್ಲ. ಕೇಂದ್ರ ಸರ್ಕಾರದಿಂದ ವರದಿ ತರಿಸಿಕೊಂಡು ಶಿಫಾರಸು ಮಾಡಬೇಕು. 2019ರ ತಿದ್ದುಪಡಿ ಸದಸ್ಯರಲ್ಲಿ ಒಬ್ಬ ಮಹಿಳೆಯಾದರೂ ಇರಬೇಕೆಂದು ಹೇಳಿತು, ಅದು ಒಳ್ಳೆಯದು. ಆದರೆ ಅದೇ ತಿದ್ದುಪಡಿ ಅಧ್ಯಕ್ಷರ ಅವಧಿಯನ್ನು ಐದು ವರ್ಷದಿಂದ ಮೂರು ವರ್ಷಕ್ಕೆ ಇಳಿಸಿತು. ಪ್ಯಾರಿಸ್ ತತ್ವಗಳಿಗೆ ತಕ್ಕಂತೆ ನಡೆಯುವ ಸಂಸ್ಥೆಗಳಿಗೆ ಅಂತರರಾಷ್ಟ್ರೀಯ ಒಕ್ಕೂಟವೊಂದು 'ಎ' ದರ್ಜೆ ಕೊಡುತ್ತದೆ. ನಮ್ಮ ಆಯೋಗಕ್ಕೆ 1999ರಿಂದ ಆ ದರ್ಜೆ ಇತ್ತು. 2023ರಲ್ಲಿ ಮತ್ತು 2024ರಲ್ಲಿ ಅದನ್ನು ನವೀಕರಿಸದೆ ಮುಂದಕ್ಕೆ ಹಾಕಲಾಯಿತು. ಪೊಲೀಸರೇ ತನಿಖೆ ಮಾಡುವುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು.

ಯಾವ ಪಕ್ಷದ ಸರ್ಕಾರವಿದ್ದರೂ ತನ್ನನ್ನು ಪ್ರಶ್ನಿಸುವ ಸಂಸ್ಥೆ ಸ್ವಲ್ಪ ಮೆತ್ತಗಿರಲಿ ಎಂದೇ ಬಯಸುತ್ತದೆ. ಅದನ್ನು ಗಟ್ಟಿಯಾಗಿಡಬೇಕಾದವರು ದೂರು ಬರೆಯುವ, ಉತ್ತರ ಕೇಳುವ ಜನರೇ.

ಆ ಹುಡುಗನಿಗೆ ಉತ್ತರ

ಈಗ ಉತ್ತರ ಹೇಳುತ್ತೇನೆ. ಪೊಲೀಸರಿಂದಾಗಲಿ ಬೇರೆ ಸರ್ಕಾರಿ ನೌಕರರಿಂದಾಗಲಿ ನಿನಗೋ ನಿನ್ನವರಿಗೋ ಅನ್ಯಾಯವಾದರೆ, ಅಥವಾ ಅನ್ಯಾಯವನ್ನು ತಡೆಯಬೇಕಾದವರು ಸುಮ್ಮನೆ ಕೂತಿದ್ದರೆ, ಒಂದು ಹಾಳೆ ತೆಗೆದುಕೊ. ಯಾವ ದಿನ, ಎಲ್ಲಿ, ಯಾರು, ಯಾರಿಗೆ, ಏನು ಮಾಡಿದರು ಎಂದು ಸ್ಪಷ್ಟವಾಗಿ ಬರೆ. ಹೆಸರು, ವಿಳಾಸ ಬರೆದು ಸಹಿ ಹಾಕು. ಹೆಸರಿಲ್ಲದ ಅರ್ಜಿಗೆ ಬೆಲೆಯಿಲ್ಲ. ಕನ್ನಡದಲ್ಲೇ ಬರೆಯಬಹುದು, ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಾದರೂ ಸರಿ. ಶುಲ್ಕವಿಲ್ಲ, ಲಾಯರು ಬೇಡ. ಘಟನೆ ನಡೆದು ಒಂದು ವರ್ಷದೊಳಗೆ ಕಳಿಸಬೇಕು. ಜಮೀನಿನ ಗಡಿ ವ್ಯಾಜ್ಯ, ನೌಕರಿಯ ಬಡ್ತಿ, ಈಗಾಗಲೇ ಕೋರ್ಟಿನಲ್ಲಿರುವ ವಿಷಯ ಇವನ್ನೆಲ್ಲ ಆಯೋಗ ತೆಗೆದುಕೊಳ್ಳುವುದಿಲ್ಲ. ದೆಹಲಿಗೇ ಬರೆಯಬೇಕೆಂದಿಲ್ಲ, 2007ರಿಂದ ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗವೂ ಕೆಲಸ ಮಾಡುತ್ತಿದೆ. ಎರಡರಲ್ಲಿ ಒಂದಕ್ಕೆ ಮಾತ್ರ ಬರೆ. ರಾಜ್ಯ ಆಯೋಗದ ಮುಂದಿರುವ ದೂರನ್ನು ರಾಷ್ಟ್ರೀಯ ಆಯೋಗ ಕೈಗೆತ್ತಿಕೊಳ್ಳುವುದಿಲ್ಲ. ಬರೆಯಲು ಬಾರದವರು ಇದ್ದರೆ ಅವರಿಗೆ ನೀನು ಬರೆದುಕೊಡು. ಐವತ್ತು ವರ್ಷ ಈ ಶಾಲೆ ನಮ್ಮೂರ ಮಕ್ಕಳಿಗೆ ಅಕ್ಷರ ಕಲಿಸಿದೆ. ಆ ಅಕ್ಷರ ಅಂಥವರ ಉಪಯೋಗಕ್ಕೆ ಬರಲಿ.

ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ಮಹೋತ್ಸವಕ್ಕೆ ಬಂದರೆ ಈ ಸಂಚಿಕೆ ಅವನ ಕೈಗೂ ಸಿಗುತ್ತದೆ. ಅಂದು ಬೆಲ್ ಹೊಡೆದದ್ದರಿಂದ ಪಾಠ ಅರ್ಧಕ್ಕೆ ನಿಂತಿತ್ತಪ್ಪ, ಉಳಿದರ್ಧ ಇದು.